ದಫ್ತರ ಸುಟ್ಟರೂ ಹೊಲ ಉಳಿದೀತೆ?

ಮಂದ್ರೂಪದ ಹೊಲವೊಂದರ ಬದುವಿನ ಮೇಲೆ ನಿಂತಿದ್ದೆವು. ಅಣ್ಣತಮ್ಮಂದಿರ ಪಾಲಿನ ವಿಷಯ, ಮೋಜಣಿಯವರು ಬಂದಿದ್ದರು. ಹೊಲದ ಪಡುವಣ ಅಂಚಿಗೆ ಸಣ್ಣದೊಂದು ಏರು. ಅಲ್ಲಿಗೆ ಬಂದಾಗ ಅಳತೆಯ ಪಟ್ಟಿಯನ್ನು ಅವರು ನೆಲಕ್ಕೆ ಒರಗಿಸಲಿಲ್ಲ. ಕೆಳಗೆ ನಿಂತವನು ಅದನ್ನು ಎದೆಮಟ್ಟಕ್ಕೆ ಎತ್ತಿ ಅಡ್ಡಕ್ಕೆ ಸಮನಾಗಿ ಬಿಗಿಹಿಡಿದ. ತುದಿಯಿಂದ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಗೂಟ ಹೊಡೆದರು. ಬೇವಿನ ನೆರಳಲ್ಲಿ ಕೂತಿದ್ದ ಅಜ್ಜನಿಗೆ ಇದು ಸರಿಬರಲಿಲ್ಲ.

"ಏರಿನ ಮ್ಯಾಲೆ ನಡದ್ರ ಹೆಜ್ಜಿ ಜಾಸ್ತಿ ಆಗ್ತಾವ. ನೀವು ಕಾಗದದಾಗ ಕಮ್ಮಿ ಬರೀತೀರಲ್ರಿ?"

"ಅಜ್ಜಾರ, ಉತಾರದಾಗ ಬರೋದು ಮ್ಯಾಲಿಂದ ನೋಡಿದ ಹೊಲ. ನಡದ ಹೊಲ ಅಲ್ಲ" ಅಂದ ಮೋಜಣಿಯ ಹುಡುಗ.

ಮೇಲಿಂದ ನೋಡಿದ ಹೊಲ, ನಡೆದ ಹೊಲ. ಸೋಲಾಪುರಕ್ಕೆ ಬಸ್ಸು ಹತ್ತಿದ ಮೇಲೂ ಆ ಮಾತು ತಲೆಯಲ್ಲೇ ಇತ್ತು. ಗಣಿತದ ಒಂದು ದೊಡ್ಡ ಶಾಖೆ ಹುಟ್ಟಿಕೊಂಡದ್ದೇ ಈ ಎರಡರ ನಡುವಿನ ಅಂತರದಲ್ಲಿ. ಅದಕ್ಕೆ ಡಿಫರೆನ್ಷಿಯಲ್ ಜಾಮೆಟ್ರಿ ಎನ್ನುತ್ತಾರೆ, ಪುಸ್ತಕದ ಕನ್ನಡದಲ್ಲಿ ಅವಕಲ ಜ್ಯಾಮಿತಿ. ಬಾಗಿದ್ದನ್ನು ಅಳೆಯುವ ವಿದ್ಯೆ ಎಂದರೂ ನಡೆದೀತು. ಈ ವಿದ್ಯೆಯಲ್ಲಿ ತನ್ನ ಹೆಸರನ್ನು ಪಠ್ಯಪುಸ್ತಕದೊಳಗೆ ಕೂರಿಸಿದ ಒಬ್ಬ ಕುಲಕರ್ಣಿ ಇದ್ದಾರೆ.

ಕುಲಕರ್ಣಿ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಅಡ್ಡಹೆಸರಲ್ಲ, ರುಮಾಲಿನಲ್ಲಿ ಕಟ್ಟಿದ ದಫ್ತರ. ಯಾರ ಹೊಲ ಎಷ್ಟು, ಯಾವ ಬದು ಯಾರದು, ಎಷ್ಟು ಕಂದಾಯ ಎಂಬ ಊರಿನ ಲೆಕ್ಕವೆಲ್ಲ ಆ ಗಂಟಿನಲ್ಲಿ. 1836ರ ಹೊತ್ತಿಗೆ ಪಕ್ಕದ ಇಂದಾಪುರದಲ್ಲಿ ಬ್ರಿಟಿಷರ ಹೊಸ ಮೋಜಣಿ ಶುರುವಾಯಿತು. ಅಲ್ಲಿಂದ ಈ ಸೀಮೆಗೆಲ್ಲ ಹಬ್ಬಿದ ಪದ್ಧತಿಯ ಲೆಕ್ಕ ಇವತ್ತಿಗೂ ನಮ್ಮ ಬಾಯಲ್ಲಿದೆ: 33 ಅಡಿ ಉದ್ದ, 33 ಅಡಿ ಅಗಲವಾದರೆ 1 ಗುಂಟೆ, 40 ಗುಂಟೆಗೆ 1 ಎಕರೆ. 1950ರ ಕಾಯ್ದೆ ಕುಲಕರ್ಣಿ ವತನವನ್ನು ತೆಗೆದುಹಾಕಿತು, ದಫ್ತರ ತಲಾಟಿಯ ಕೈಗೆ ಹೋಯಿತು. ಉಳಿದದ್ದು ಹೆಸರು.

ಆ ಹೆಸರಿನ ರವೀಂದ್ರ ಶ್ರೀಪಾದ ಕುಲಕರ್ಣಿ ಹುಟ್ಟಿದ್ದು 1942ರಲ್ಲಿ. ಗಣಿತಲೋಕದಲ್ಲಿ ರವಿ ಕುಲಕರ್ಣಿ ಎಂದೇ ಪರಿಚಿತರು. 1968ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಶ್ಲೋಮೊ ಸ್ಟರ್ನ್‌ಬರ್ಗ್ ಅವರ ಕೈಕೆಳಗೆ ಪಿಎಚ್.ಡಿ. ಮುಗಿಸಿದರು. ಪ್ರಬಂಧದ ಹೆಸರು ಮೂರೇ ಪದ, 'ಕರ್ವೇಚರ್ ಅಂಡ್ ಮೆಟ್ರಿಕ್', ಅಂದರೆ 'ವಕ್ರತೆ ಮತ್ತು ಅಳತೆ'. ಅದರ ಸಾರವೇ 1970ರಲ್ಲಿ 'ಆನಲ್ಸ್ ಆಫ್ ಮ್ಯಾಥಮೆಟಿಕ್ಸ್' ಪತ್ರಿಕೆಯಲ್ಲಿ ಅದೇ ಹೆಸರಿನಲ್ಲಿ ಸುಮಾರು ಇಪ್ಪತ್ತು ಪುಟಗಳ ಲೇಖನವಾಗಿ ಬಂತು. ಕುಲಕರ್ಣಿ ಕೇಳಿದ ಪ್ರಶ್ನೆಯೂ ಕುಲಕರ್ಣಿಕೆಯದೇ: ಅಳತೆಯ ದಫ್ತರ ಕೈಯಲ್ಲಿಲ್ಲ, ನೆಲ ಎಲ್ಲೆಲ್ಲಿ ಎಷ್ಟೆಷ್ಟು ಬಾಗಿದೆ ಎಂಬುದಷ್ಟೇ ಗೊತ್ತು. ಅಷ್ಟರಿಂದ ಅಳತೆಯನ್ನು ಮರಳಿ ಪಡೆಯಬಹುದೆ?

ಈ ಪ್ರಶ್ನೆ ಹಿಡಿಯಬೇಕಾದರೆ ಮೊದಲು 'ಬಾಗು' ಎಂದರೇನು ಎಂದು ಹಿಡಿಯಬೇಕು. ಅದಕ್ಕೆ ಅಡುಗೆಮನೆ ಸಾಕು.

ತವೆಯಿಂದ ಆಗತಾನೆ ತೆಗೆದ ಮೆತ್ತನೆ ಜೋಳದ ರೊಟ್ಟಿಯಲ್ಲಿ ಕಾಲುಭಾಗ ಹರಿದು, ಅಂಚಿನ ಕಡೆ ಹಿಡಿದು ನೋಡಿ. ಚೂಪು ತುದಿ ಜೋತುಬೀಳುತ್ತದೆ. ಈಗ ಹಿಡಿದಲ್ಲೇ ಹೆಬ್ಬೆರಳಿನಿಂದ ನಡುವೆ ತುಸು ಒತ್ತಿ ದೊನ್ನೆಯಂತೆ ಬಾಗಿಸಿ. ತುದಿ ತಾನಾಗಿ ಎದ್ದು ನಿಲ್ಲುತ್ತದೆ. ನಾವೆಲ್ಲ ದಿನಾ ಹೀಗೆಯೇ ಪಲ್ಯ ಎತ್ತಿ ತಿನ್ನುತ್ತೇವೆ. ಯಾಕೆ ನಿಂತಿತು ಎಂದು ಯಾರೂ ಕೇಳುವುದಿಲ್ಲ. ರೊಟ್ಟಿ ಬಾಗುತ್ತದೆ, ಆದರೆ ಹಿಗ್ಗುವುದಿಲ್ಲ. ಹಿಗ್ಗದ ಹಾಳೆಯೊಂದು ಒಂದು ದಿಕ್ಕಿಗೆ ಬಾಗಿದರೆ ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ನೆಟ್ಟಗೇ ಇರಬೇಕು. ಎರಡೂ ದಿಕ್ಕಿಗೆ ಬಾಗು ಎಂದರೆ ಅದು ಹರಿಯುತ್ತದೆ, ಇಲ್ಲವೇ ನೆರಿಗೆ ಬೀಳುತ್ತದೆ.

ಸೋಲಾಪುರದ ಚಾದರವನ್ನೇ ತೆಗೆದುಕೊಳ್ಳಿ. ಸುರುಳಿ ಸುತ್ತಿದ ಹಾಸಿಗೆಗೆ ಅದನ್ನು ಸುತ್ತಿದರೆ ಒಂದೂ ಸುಕ್ಕಿಲ್ಲದೆ ಕೂರುತ್ತದೆ. ನೀರಿನ ಕೊಡಕ್ಕೆ ಹೊದಿಸಿ ನೋಡಿ, ಹೊಟ್ಟೆಯ ಸುತ್ತ ನೆರಿಗೆಯೋ ನೆರಿಗೆ. ಮಂದ್ರೂಪದಿಂದ ಹೆದ್ದಾರಿ ಹಿಡಿದು ಭೀಮಾ ದಾಟಿ ವಿಜಯಪುರಕ್ಕೆ ಹೋಗಿ ಗೋಲಗುಮ್ಮಟಕ್ಕೆ ಹೊದಿಸಹೊರಟರೂ ಅದೇ ಪಾಡು. ಸುತ್ತಿದ ಹಾಸಿಗೆ ಕಣ್ಣಿಗೆ ಬಾಗಿದಂತೆ ಕಂಡರೂ ಗಣಿತದ ಪ್ರಕಾರ ಚಪ್ಪಟೆ. ಕೊಡ ಮಾತ್ರ ನಿಜವಾಗಿ ಬಾಗಿದ್ದು.

ಆ ಕೊಡವನ್ನು ಇನ್ನೊಂದಿಷ್ಟು ಹೊತ್ತು ನೋಡೋಣ. ಹೊಟ್ಟೆಯ ಮೇಲೆ ಕೈಯಾಡಿಸಿದರೆ ಅಡ್ಡಕ್ಕೂ ಉದ್ದಕ್ಕೂ ಬಾಗು ಒಳಮುಖವಾಗಿಯೇ ಇದೆ. ಕತ್ತಿನ ಹತ್ತಿರ ಬನ್ನಿ. ಅಡ್ಡ ಸುತ್ತಿದರೆ ಬಾಗು ಒಳಗೆ, ಮೇಲಿಂದ ಕೆಳಗೆ ಬೆರಳು ಎಳೆದರೆ ಬಾಗು ಹೊರಗೆ. ಕುದುರೆಯ ಜೀನಿನ ಹಾಗೆ. ಗಣಿತಜ್ಞ ಈ ಎರಡು ದಿಕ್ಕಿನ ಬಾಗುಗಳನ್ನು ಗುಣಿಸುತ್ತಾನೆ. ಕೊಡದ ಹೊಟ್ಟೆಯಲ್ಲಿ ಗುಣಲಬ್ಧ ಧನ, ಕತ್ತಿನಲ್ಲಿ ಋಣ. ಸುತ್ತಿದ ಹಾಸಿಗೆಯಲ್ಲಿ ಒಂದು ದಿಕ್ಕು ನೆಟ್ಟಗಿರುವುದರಿಂದ ಸೊನ್ನೆ. ಈ ಗುಣಲಬ್ಧಕ್ಕೆ ವಕ್ರತೆ ಎಂದು ಹೆಸರು. ಗೋಳ ಚಿಕ್ಕದಾದಷ್ಟೂ ವಕ್ರತೆ ಹೆಚ್ಚು. ಕೊಡದ್ದು ಹೆಚ್ಚು, ಒಳವ್ಯಾಸವೇ ಸುಮಾರು 38 ಮೀಟರ್ ಇರುವ ಗೋಲಗುಮ್ಮಟದ್ದು ಕಮ್ಮಿ, ಭೂಮಿಯದ್ದು ಅತ್ಯಲ್ಪ.

ಗೋಳದ ಮೈ ಅಳೆಯುವ ಆಸೆ ನಮಗೆ ಹೊಸದಲ್ಲ. ಇಂದಿನ ಸೋಲಾಪುರವಾದ ಸೊನ್ನಲಿಗೆಯಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ ಹನ್ನೆರಡನೆಯ ಶತಮಾನದಲ್ಲೇ, 1150ರಲ್ಲಿ, ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಗೋಳದ ಮೈಯಳತೆಗೆ ಸೂತ್ರ ಕೊಟ್ಟ. ನಡುವಿನ ವೃತ್ತದ ವಿಸ್ತೀರ್ಣದ ನಾಲ್ಕು ಪಟ್ಟು. ಆ ಮೈಯನ್ನು ಚೆಂಡಿನ ಮೇಲೆ ಹೊದಿಸಿದ ಬಲೆಗೆ ಅವನು ಹೋಲಿಸುತ್ತಾನೆ. ಕಣ್ಣುಕಣ್ಣಾಗಿ ಬಲೆ ಹಾಸಿ ಎಣಿಸುವ ಆ ಚಿತ್ರ ಇಂದಿನ ಡಿಫರೆನ್ಷಿಯಲ್ ಜಾಮೆಟ್ರಿಯ ಮನಸ್ಸಿಗೆ ಬಲು ಹತ್ತಿರದ್ದು.

ಇನ್ನು ಅಜ್ಜನ ಪ್ರಶ್ನೆಗೆ ಬರೋಣ. 1820ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಗಾಸ್ ಹ್ಯಾನೋವರ್ ರಾಜ್ಯದ ಮೋಜಣಿ ಮಾಡುತ್ತಿದ್ದ. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಎಳೆದು ಕೋನ ಅಳೆಯುವ ಕೆಲಸ. ಆ ವರ್ಷಗಳಲ್ಲೇ, 1827ರಲ್ಲಿ, ಅವನು ಒಂದು ಪ್ರಮೇಯ ಮಂಡಿಸಿದ. ತಾನೇ ಅದನ್ನು 'ಅಪೂರ್ವ' ಎಂದು ಕರೆದುಕೊಂಡ. ನೆಲ ಎಷ್ಟು ಬಾಗಿದೆ ಎಂದು ತಿಳಿಯಲು ಮೇಲೆ ಹಾರಿ ನೋಡಬೇಕಿಲ್ಲ, ನೆಲದ ಮೇಲೆ ನಡೆದು ಅಳೆದ ಉದ್ದಗಳೇ ಸಾಕು. ಇರುವೆಗೂ ತಾನು ಕೊಡದ ಮೇಲಿದ್ದೇನೋ ಸುತ್ತಿದ ಹಾಸಿಗೆಯ ಮೇಲಿದ್ದೇನೋ ಎಂದು ಅಲ್ಲಿಂದ ಇಳಿಯದೆಯೇ ಗೊತ್ತಾಗುತ್ತದೆ. ಹೇಗೆ? ತ್ರಿಕೋನ ಎಳೆದು. ಚಪ್ಪಟೆ ನೆಲದಲ್ಲಿ ಮೂರು ಕೋನ ಕೂಡಿದರೆ 180 ಡಿಗ್ರಿ. ಗೋಳದ ಮೇಲೆ ಅದಕ್ಕಿಂತ ಹೆಚ್ಚು, ಜೀನಿನಂಥ ಮೈಯಲ್ಲಿ ಕಮ್ಮಿ.

ನಮ್ಮ ಸೀಮೆಯಲ್ಲೇ ಲೆಕ್ಕ ಹಾಕೋಣ. ಸೋಲಾಪುರ, ವಿಜಯಪುರ, ಕಲಬುರಗಿ ಈ ಮೂರನ್ನು ಜೋಡಿಸಿದರೆ ಸುಮಾರು 4,900 ಚದರ ಕಿಲೋಮೀಟರಿನ ತ್ರಿಕೋನ. ಭೂಮಿಯ ಗಾತ್ರಕ್ಕೆ ಹೆಚ್ಚುಕಡಿಮೆ 200 ಚದರ ಕಿಲೋಮೀಟರಿಗೆ ಒಂದು ಸೆಕೆಂಡಿನಷ್ಟು ಕೋನ ಹೆಚ್ಚಾಗುತ್ತದೆ. ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು. ಹಾಗಾಗಿ ಈ ಮೂರೂರಿನ ಕೋನಗಳ ಮೊತ್ತ 180 ಡಿಗ್ರಿಗಿಂತ ಸುಮಾರು 25 ಸೆಕೆಂಡ್ ಹೆಚ್ಚು. ಒಳ್ಳೆಯ ಯಂತ್ರವಿದ್ದರೆ ಇದು ಅಳತೆಗೆ ಸಿಗುತ್ತದೆ. ಮಂದ್ರೂಪದ ಒಂದು ಹೊಲದಲ್ಲಿ ಮಾತ್ರ ಈ ಹೆಚ್ಚಳ ಏನೇನೂ ಸಾಲದು. ಆದ್ದರಿಂದಲೇ ಊರಿನ ಕುಲಕರ್ಣಿ ಭೂಮಿ ಚಪ್ಪಟೆ ಎಂದುಕೊಂಡೇ ದಫ್ತರ ಬರೆದ, ಬರೆದದ್ದು ತಪ್ಪೂ ಆಗಲಿಲ್ಲ. ಇನ್ನು ಅಜ್ಜನ ಏರು? ಅದು ಓರೆ, ಬಾಗಲ್ಲ. ಓರೆಯಾಗಿಟ್ಟ ಹಲಗೆಯೂ ಚಪ್ಪಟೆಯೇ. ಅಲ್ಲಿ ಹೆಜ್ಜೆ ಹೆಚ್ಚಾಗುತ್ತದೆ, ಆದರೆ ತ್ರಿಕೋನ ಎಳೆದರೆ 180ಕ್ಕೆ 180.

ಗಾಸ್‌ನ ಮಾತನ್ನು ಮುಂದಕ್ಕೆ ಒಯ್ದವನು ಅವನ ಶಿಷ್ಯ ಬರ್ನಾರ್ಡ್ ರೀಮಾನ್. 1854ರ ಜೂನ್ 10ರಂದು ಗಟಿಂಗನ್‌ನಲ್ಲಿ ಅವನು ಉಪನ್ಯಾಸ ಕೊಟ್ಟಾಗ 77 ವರ್ಷದ ಗಾಸ್ ಎದುರಿಗೆ ಕೂತು ಕೇಳಿದ. ರೀಮಾನ್ ಹೇಳಿದ್ದಿಷ್ಟು: ಎರಡು ಆಯಾಮದ ಮೈಗಷ್ಟೇ ಯಾಕೆ, ಮೂರು, ನಾಲ್ಕು, ಎಷ್ಟು ಆಯಾಮದ ಅವಕಾಶಕ್ಕಾದರೂ ಒಳಗಿದ್ದೇ ಅಳತೆ ಇಡಬಹುದು, ಬಾಗು ಕೇಳಬಹುದು. ಆದರೆ ಆಯಾಮ ಏರಿದಂತೆ ಲೆಕ್ಕ ಬೆಳೆಯುತ್ತದೆ. ಎರಡು ಆಯಾಮದಲ್ಲಿ ಒಂದು ಬಿಂದುವಿನ ಅಳತೆ ಹೇಳಲು 3 ಸಂಖ್ಯೆ ಬೇಕು, ವಕ್ರತೆಗೆ 1. ಮೂರರಲ್ಲಿ ಅಳತೆಗೆ 6, ವಕ್ರತೆಗೂ 6. ನಾಲ್ಕರಲ್ಲಿ ಅಳತೆಗೆ 10, ವಕ್ರತೆಗೆ 20.

ಒಂದು ಎಚ್ಚರಿಕೆ ಬೇಕು. ಈ ಸಂಖ್ಯೆಗಳು ನಾವು ಎಳೆದುಕೊಂಡ ಗೆರೆಗಳಿಗೆ ತಕ್ಕಂತೆ ಬದಲಾಗುತ್ತವೆ, ವಸ್ತು ಬದಲಾಗದು. ಕನ್ನಡ-ಮರಾಠಿ ಗಡಿಯ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ 'ಹೊಲ', ಕಚೇರಿಯಲ್ಲಿ 'ಶೇತ', ಸಾತಬಾರಾ ಉತಾರದಲ್ಲಿ ಬರೀ ಗಟ್ ನಂಬರು. ಹೆಸರು ಮೂರಾದರೂ ಎರೆಮಣ್ಣು ಒಂದೇ. ಹೆಸರು ಬದಲಾದಾಗ ಲೆಕ್ಕವನ್ನು ಹೇಗೆ ಬದಲಿಸಿದರೆ ಹೊಲ ಕೆಡುವುದಿಲ್ಲ ಎಂಬ ಶಿಸ್ತಿಗೇ ಗಣಿತದಲ್ಲಿ ಟೆನ್ಸರ್ ಎನ್ನುತ್ತಾರೆ.

ಗಾಸ್ ತೋರಿಸಿದ್ದು ಅಳತೆಯಿಂದ ಬಾಗಿಗೆ ಹೋಗುವ ದಾರಿ. ಕುಲಕರ್ಣಿ ಕೇಳಿದ್ದು ತಿರುಗುದಾರಿ ಇದೆಯೇ ಎಂದು. ಎರಡು ಅವಕಾಶಗಳ ನಡುವೆ ಒಂದಕ್ಕೊಂದು ಬಿಂದು ಜೋಡಿಸಿದ್ದೇವೆ. ಜೋಡಿಬಿಂದುಗಳಲ್ಲಿ, ಜೋಡಿದಿಕ್ಕುಗಳಲ್ಲಿ ವಕ್ರತೆ ಒಂದೇ ಇದೆ. ಹಾಗಾದರೆ ಉದ್ದಗಳೂ ಒಂದೇ ಇರಲೇಬೇಕೆ? ಅವರ ಉತ್ತರ: ನಾಲ್ಕು ಅಥವಾ ಹೆಚ್ಚು ಆಯಾಮವಿದ್ದರೆ ಹೌದು. ಒಂದು ಷರತ್ತು ಮಾತ್ರ. ಒಂದು ಬಿಂದುವಿನಲ್ಲಿ ಎಲ್ಲ ದಿಕ್ಕಿಗೂ ವಕ್ರತೆ ಒಂದೇ ಆಗಿದ್ದರೆ ಅದನ್ನು ಸಪಾಟು ಬಿಂದು ಎನ್ನೋಣ, ಅಂಥ ಬಿಂದುಗಳೇ ಸೇರಿ ಎಲ್ಲೂ ಒಂದು ಹರವಾಗಿ ಕೂತಿರಬಾರದು. ಹತ್ತು ತಿಳಿಯಲು ಇಪ್ಪತ್ತು ಸುಳಿವು ಕೈಯಲ್ಲಿದೆ ಎಂದರೆ ನಾಲ್ಕನೆಯ ಆಯಾಮ ಯಾಕೆ ಒಲಿಯಿತು ಎಂಬುದು ಸ್ವಲ್ಪ ಅರ್ಥವಾದೀತು. ಮೂರು ಆಯಾಮದಲ್ಲಿ ಸಂಗತಿ ಗಂಟುಗಂಟು. ಮುಂದೆ 1982ರ ಫೀಲ್ಡ್ಸ್ ಪದಕ ಪಡೆದ ಷಿಂಗ್-ತುಂಗ್ ಯಾವ್ 1974ರಲ್ಲಿ ಇದೇ ಜಾಡು ಹಿಡಿದು ಬರೆದರು.

ಕುಲಕರ್ಣಿಯವರ ಹೆಸರು ಪಠ್ಯದಲ್ಲಿ ನಿಂತದ್ದು ಇನ್ನೊಂದು ಕಾರಣಕ್ಕೆ. 1972ರಲ್ಲಿ ಅವರೂ ಜಪಾನಿ ಮೂಲದ ಕಾತ್ಸುಮಿ ನೊಮಿಜು ಅವರೂ ಬೇರೆಬೇರೆಯಾಗಿ ಪ್ರಕಟಿಸಿದ ಲೇಖನಗಳಿಂದ 'ಕುಲಕರ್ಣಿ–ನೊಮಿಜು ಗುಣಾಕಾರ' ಬಳಕೆಗೆ ಬಂತು. ಬರೆಯುವ ಗುರುತು ಸುತ್ತಿನೊಳಗೊಂದು ಗುಡಿಸಲ ಮೊನೆ. ಸೋಲಾಪುರದ ಮಗ್ಗದ ಮುಂದೆ ನಿಂತವರಿಗೆ ಇದರ ಬಗೆ ಹೊಳೆದೀತು. ಹಾಸಿನ ನೂಲು, ಹೊಕ್ಕಿನ ನೂಲು ಕೂಡಿದಾಗ ನೂಲಲ್ಲದ ಮೂರನೆಯದು, ಬಟ್ಟೆ, ಹುಟ್ಟುತ್ತದೆ. ಹಾಗೆಯೇ ಅಳತೆಯ ಜಾತಿಯ ಎರಡು ವಸ್ತುಗಳನ್ನು ಈ ಗುಣಾಕಾರದಲ್ಲಿ ನೇಯ್ದರೆ ವಕ್ರತೆಯ ಜಾತಿಯ ಒಂದು ವಸ್ತು ಬರುತ್ತದೆ. ಗೋಳದ ವಕ್ರತೆ ಅಳತೆಯನ್ನು ಅಳತೆಯೊಂದಿಗೇ ನೇಯ್ದದ್ದು, ಅಷ್ಟೆ. ತಿರುಗಿಸಿದರೆ ಯಾವುದೇ ವಕ್ರತೆಯನ್ನು ಬಿಚ್ಚಿ, ಇಷ್ಟು ನೇಯ್ಗೆಯಿಂದ ಬಂತು, ಇಷ್ಟು ಅದಕ್ಕೆ ಮೀರಿದ್ದು ಎಂದು ಬೇರೆ ಮಾಡಬಹುದು.

ಈ ಬಿಚ್ಚಾಟ ಭೌತಶಾಸ್ತ್ರಕ್ಕೆ ನೇರ ತಗಲುತ್ತದೆ. 1915ರ ಐನ್‌ಸ್ಟೈನ್ ಸಿದ್ಧಾಂತದಲ್ಲಿ ದೇಶಕಾಲ ನಾಲ್ಕು ಆಯಾಮದ್ದು, ಗುರುತ್ವವೆಂದರೆ ಅದರ ಬಾಗು. ಆ 20 ಸಂಖ್ಯೆಗಳಲ್ಲಿ 10 ಅಲ್ಲೇ ಇರುವ ದ್ರವ್ಯಕ್ಕೆ ಕಟ್ಟುಬಿದ್ದಿವೆ. ಮಿಕ್ಕ 10 ಖಾಲಿ ಅವಕಾಶದಲ್ಲೂ ಇರಬಲ್ಲವು. ಸೂರ್ಯಚಂದ್ರರ ಸೆಳೆತದಿಂದ ಕಡಲು ಉಕ್ಕುವುದು ಅವುಗಳಿಂದ, 2015ರ ಸೆಪ್ಟೆಂಬರ್ 14ರಂದು ಮೊದಲ ಬಾರಿ ಸಿಕ್ಕ ಗುರುತ್ವದ ಅಲೆಗಳೂ ಅವೇ. ಈ ಎರಡು ಹತ್ತುಗಳನ್ನು ಬೇರ್ಪಡಿಸಿ ಬರೆಯುವಾಗ ವಿದ್ಯಾರ್ಥಿ ಕುಲಕರ್ಣಿಯ ಗುರುತು ಹಾಕುತ್ತಾನೆ. ದೇಶಕಾಲದ ಮಾದರಿಯ ಜ್ಯಾಮಿತಿಯನ್ನು ಕುಲಕರ್ಣಿಯವರೂ ಮುಟ್ಟಿದರು. 1979ರಲ್ಲಿ ಅವರು ತೋರಿಸಿದ್ದು ಅಚ್ಚರಿಯ ಸಂಗತಿ. ಅಲ್ಲಿ ವಕ್ರತೆ ಇಷ್ಟಕ್ಕಿಂತ ಮೇಲೇರದು ಎಂದೋ ಇಷ್ಟಕ್ಕಿಂತ ಕೆಳಗಿಳಿಯದು ಎಂದೋ ಒಂದೇ ಕಡೆ ಬೇಲಿ ಹಾಕಿದರೂ ಸಾಕು, ಅದು ಎಲ್ಲೆಡೆ ಒಂದೇ ಆಗಿಬಿಡುತ್ತದೆ. ಬೇಲಿಯೊಳಗೆ ಅಲ್ಲಾಡಲು ಜಾಗವೇ ಉಳಿಯುವುದಿಲ್ಲ.

ಗಣಿತಜ್ಞನ ನೌಕರಿಯ ಕತೆಯಲ್ಲಿ ಹೊರಗೆ ಕಾಣುವ ಘಟನೆಗಳು ಕಮ್ಮಿ. ಕುಲಕರ್ಣಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ದಶಕಗಟ್ಟಲೆ ಪಾಠ ಮಾಡಿದರು, ನ್ಯೂಯಾರ್ಕ್ ಸಿಟಿ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಇದ್ದರು. 2000ದ ದಶಕದ ಆರಂಭದಲ್ಲಿ ಅಲಹಾಬಾದಿನ ಹರೀಶ್-ಚಂದ್ರ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು, ಆಮೇಲೆ ಮುಂಬಯಿಯ ಐಐಟಿ, ಪುಣೆಯ ಭಾಸ್ಕರಾಚಾರ್ಯ ಪ್ರತಿಷ್ಠಾನ. ಒಳಗಿನ ಪಯಣವೇ ಹೆಚ್ಚು ಸ್ವಾರಸ್ಯದ್ದು. ಬಾಗಿನಿಂದ ಹೊರಟವರು ಸಮರೂಪತೆಗೆ ಹೊರಳಿದರು: ಒಂದು ಮೈಯನ್ನು ಎಷ್ಟು ಬಗೆಯಲ್ಲಿ ತಿರುಗಿಸಿದರೆ ಅದು ಇದ್ದಂತೆಯೇ ಕಾಣುತ್ತದೆ ಎಂಬ ಎಣಿಕೆ. 1991ರ ಅವರ ಇನ್ನೊಂದು ಲೇಖನ ಭಿನ್ನರಾಶಿಗಳ ಸಾಲಿನಿಂದ ಒಂದು ಗಹನ ರಚನೆಯನ್ನು ಲೆಕ್ಕಕ್ಕೆ ತರುವ ಉಪಾಯ ಕೊಟ್ಟಿತು. ಅದು ಇಂದು 'ಸೇಜ್' ಎಂಬ ಪುಕ್ಕಟೆ ಗಣಿತ ತಂತ್ರಾಂಶದೊಳಗೆ ಕೂತಿದೆ.

ಬೆಂಗಳೂರಿನಲ್ಲಿ ಇದೇ ಜ್ಯಾಮಿತಿಯ ಬಳಗದ ಹಿರಿಯರೊಬ್ಬರಿದ್ದರು, ಎಂ. ಎಸ್. ನರಸಿಂಹನ್. 1932ರಲ್ಲಿ ತಮಿಳುನಾಡಿನ ತಂಡರೈ ಎಂಬ ಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದವರು. ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ದುಡಿದು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2021ರ ಮೇ 15ರಂದು ಅಲ್ಲೇ ತೀರಿಕೊಂಡರು. 1961ರಲ್ಲಿ ಎಸ್. ರಾಮನನ್ ಜೊತೆ, 1965ರಲ್ಲಿ ಸಿ. ಎಸ್. ಶೇಷಾದ್ರಿ ಜೊತೆ ಅವರು ಬರೆದದ್ದು ಇಂದಿಗೂ ಜಗತ್ತಿನ ಜ್ಯಾಮಿತಿಯ ತೊಲೆಕಂಬ. ಹಳ್ಳಿಯ ಶಾಲೆ ಈ ದಾರಿಗೆ ಅಡ್ಡಿಯಲ್ಲ ಎನ್ನಲು ಬೇರೆ ಸಾಕ್ಷಿ ಬೇಡ.

ದಕ್ಷಿಣ ಸೋಲಾಪುರ, ಅಕ್ಕಲಕೋಟೆ ತಾಲೂಕುಗಳ ಕನ್ನಡ ಶಾಲೆಯ ಹುಡುಗ ಹುಡುಗಿಯರಿಗೆ ದಾರಿ ಇಲ್ಲದಿಲ್ಲ. ಬಿಎಸ್ಸಿಯಲ್ಲಿ ಇರುವಾಗಲೇ ಬೇಸಿಗೆಯ ಎಂಟಿಟಿಎಸ್ ಗಣಿತ ತರಬೇತಿ ಶಿಬಿರಕ್ಕೆ ಅರ್ಜಿ ಹಾಕಬಹುದು. 1993ರಿಂದ ನಡೆಯುತ್ತಿರುವ ಇದನ್ನು ಕಟ್ಟಿದ ಎಸ್. ಕುಮರೇಶನ್ ಸ್ವತಃ ಡಿಫರೆನ್ಷಿಯಲ್ ಜಾಮೆಟ್ರಿಯ ಪಠ್ಯ ಬರೆದವರು. ಅಲ್ಲಿ ಪಾಠ ಒಪ್ಪಿಸುವುದಕ್ಕಿಂತ ಪ್ರಶ್ನೆ ಕೇಳುವುದಕ್ಕೆ ಬೆಲೆ. ಮುಂದಿನ ಓದಿಗೆ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ವಿದ್ಯಾರ್ಥಿವೇತನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಪುಣೆಯ ಐಸರ್ ಎರಡೂ ಒಂದು ರಾತ್ರಿಯ ರೈಲಿಗಿಂತ ದೂರವಿಲ್ಲ. ಭಾಷೆ ಬದಲಿಸಿ ಬದಲಿಸಿ ಓದಬೇಕಾದ ಕಷ್ಟ ನಮ್ಮ ಮಕ್ಕಳದ್ದು, ನಿಜ. ಆದರೆ ಒಂದೇ ವಸ್ತುವಿಗೆ ಮೂರು ಹೆಸರು ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತು. ಈ ವಿದ್ಯೆಯಲ್ಲಿ ಅದೇ ಮೊದಲ ಪಾಠ.

ಮುಂದಿನ ಸಲ ಮಂದ್ರೂಪಕ್ಕೆ ಹೋದಾಗ ಅಜ್ಜ ಅದೇ ಬೇವಿನ ಕೆಳಗೆ ಸಿಕ್ಕ. ರೊಟ್ಟಿಯ ಚೂರು ಹಿಡಿದು, ಕೊಡ ತೋರಿಸಿ, ನನಗೆ ತಿಳಿದಂತೆ ಕುಲಕರ್ಣಿಯವರ ಪ್ರಮೇಯ ಹೇಳಿದೆ. ಬಾಗು ಗೊತ್ತಿದ್ದರೆ ಅಳತೆ ತಾನಾಗಿ ಸಿಗುತ್ತದೆ ಎಂದೆ. ಅಜ್ಜ ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತ.

"ಹಂಗಾರ ದಫ್ತರ ಸುಟ್ರೂ ನನ್ನ ಹೊಲ ನನಗ ಸಿಗ್ತದನ್ರಿ?"

ಪ್ರಮೇಯವನ್ನು ಅಜ್ಜ ಸರಿಯಾಗಿಯೇ ಹಿಡಿದಿದ್ದ. ಹೇಳಲು ಉಳಿದಿದ್ದದ್ದು ಷರತ್ತು. ಚಪ್ಪಟೆ ಹೊಲದ ವಕ್ರತೆ ಎಲ್ಲೆಡೆ ಸೊನ್ನೆ. ಎರಡು ಎಕರೆಯನ್ನು ನಾಲ್ಕು ಎಕರೆಯಾಗಿ ಹಿಗ್ಗಿಸಿ ಬರೆದರೂ ಸೊನ್ನೆ ಸೊನ್ನೆಯೇ, ಬಾಗು ಸುಳಿವು ಕೊಡುವುದಿಲ್ಲ.

"ನಾಲ್ಕು ಆಯಾಮದ ಹೊಲ ಆಗಿದ್ರ, ತುಂಬ ಬಾಗಿದ್ರ, ಸಿಗ್ತಿತ್ತು ಅಜ್ಜಾ. ನಿಂದು ಎರಡೇ ಆಯಾಮ, ಅದೂ ಸಪಾಟು."

"ಅಂದ್ರ?"

"ಉತಾರ ಜ್ವಾಕಿ ಇಟ್ಕೋ."